ದಿನಕ್ಕೆ ಎರಡು ಟ್ಯಾಂಕರ್ ನೀರು ಹೊಡೆದರೂ ಕ್ವಾರಿ ಧೂಳು ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಹಳ್ಳಿ. ಊರಿನ ಮೂಡಲ ದಿಕ್ಕಿಗೆ ಮುಕ್ಕಾಲು ಕಿಲೋಮೀಟರ್ ದೂರದಲ್ಲಿ ಎರಡು ಕಲ್ಲು ಕ್ವಾರಿ, ಒಂದು ಜಲ್ಲಿ ಕ್ರಷರ್ ಇವೆ. ಟಿಪ್ಪರ್‌ಗಳು ನಮ್ಮ ತೋಟದ ಪಕ್ಕದ ಮಣ್ಣು ರಸ್ತೆಯಲ್ಲೇ ಓಡಾಡುತ್ತವೆ. ದೀಪಾವಳಿ ಕಳೆದ ಮೇಲೆ ಯುಗಾದಿವರೆಗೂ ಎಲ್ಲಿ ಕೈ ಇಟ್ಟರೂ ಧೂಳು. ಒಂದೂವರೆ ಎಕರೆ ಹಿಪ್ಪುನೇರಳೆ ಇದೆ. ಸೊಪ್ಪೆಲ್ಲ ಬೂದಿ ಬಳಿದ ಹಾಗಿರುತ್ತೆ, ರೇಷ್ಮೆ ಹುಳ ಸರಿಯಾಗಿ ತಿನ್ನಲ್ಲ. ಆರು ವರ್ಷದ ಮಗನಿಗೆ ಚಳಿಗಾಲ ಪೂರ್ತಿ ಕೆಮ್ಮು. ಬೆಳಗಿನ ಜಾವ ಟಿಪ್ಪರ್‌ಗಳ ಕಪ್ಪು ಹೊಗೆ ಬೇರೆ. ಓನರ್‌ನ ಕೇಳಿದರೆ ‘ದಿನಕ್ಕೆ ಎರಡು ಟ್ಯಾಂಕರ್ ನೀರು ಹೊಡೆಸ್ತೀನಿ, ಲ್ಯಾಬ್ ರಿಪೋರ್ಟ್ ಇದೆ, ಎಲ್ಲ ಲಿಮಿಟ್ ಒಳಗಿದೆ’ ಅಂತಾರೆ. ನನ್ನ ಮೈದುನ ಅದೇ ಕ್ವಾರಿಯಲ್ಲಿ ಎಂಟು ವರ್ಷದಿಂದ ಡ್ರಿಲ್ಲಿಂಗ್ ಕೆಲಸ ಮಾಡ್ತಾನೆ. ಸಂಜೆ ಬೆಲ್ಲ ತಿಂದರೆ ಧೂಳು ಇಳಿಯುತ್ತೆ ಅಂತಾನೆ. ಕ್ವಾರಿ ಮುಚ್ಚಿದರೆ ಅವನ ಮನೆ ನಡೆಯಲ್ಲ. ಮುಚ್ಚಿಸದೆ ಧೂಳು ಕಡಿಮೆ ಮಾಡಿಸೋಕೆ ಆಗುತ್ತಾ? ಏನಂತ ಕೇಳಬೇಕು, ಯಾರನ್ನು ಕೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಸಂಕಟ ಇದೆ. ಸೊಪ್ಪಿನ ಮೇಲಿನ ಧೂಳು, ಮಗನ ಕೆಮ್ಮು, ಟಿಪ್ಪರ್ ಹೊಗೆ, ಮೈದುನನ ಎದೆ. ನಾಲ್ಕೂ ಹುಟ್ಟುವುದು ಕ್ವಾರಿಯಿಂದಲೇ, ಆದರೆ ಒಂದೊಂದೂ ಒಂದೊಂದು ಜಾಗದಲ್ಲಿ. ಹಾಗಾಗಿ ‘ಇನ್ನೂ ಜಾಸ್ತಿ ನೀರು ಹೊಡೆಸಿ’ ಅಂತ ಕೇಳಿದರೆ ಓನರ್ ಮೂರನೇ ಟ್ಯಾಂಕರ್ ತರಿಸುತ್ತಾರೆ, ನಿಮ್ಮ ಕಷ್ಟ ಹಾಗೇ ಇರುತ್ತದೆ. ಎಲ್ಲಿಂದ ಏಳುವ ಧೂಳಿಗೆ ಏನು ಮಾಡಬೇಕು ಅಂತ ಗೊತ್ತುಮಾಡಿಕೊಂಡು ಕೇಳಿದರೆ ಮುಚ್ಚಿಸದೆಯೇ ಬಹಳಷ್ಟು ಕಡಿಮೆ ಮಾಡಿಸಬಹುದು. ಪೂರ್ತಿ ಹೋಗುತ್ತದೆ ಅಂತ ಮಾತ್ರ ನಾನು ಹೇಳಲಾರೆ. ಕಲ್ಲು ಒಡೆಯುವ ಜಾಗದಲ್ಲಿ ಧೂಳು ಸೊನ್ನೆ ಆಗಲ್ಲ.

ಮೊದಲು ಸೊಪ್ಪಿನ ವಿಷಯ. ಕೂದಲೆಳೆ ದಪ್ಪದ ಕಣ, ಅಂದರೆ ಸುಮಾರು 100 ಮೈಕ್ರಾನಿನದು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಹತ್ತು ಮೀಟರ್ ಎತ್ತರದಿಂದ ಅರ್ಧ ನಿಮಿಷದೊಳಗೆ ನೆಲಕ್ಕೆ ಬೀಳುತ್ತದೆ. ಸಣ್ಣ ಗಾಳಿಯಲ್ಲಿ ಅದು ಐವತ್ತು ಅರವತ್ತು ಮೀಟರ್ ದಾಟಿದರೆ ಹೆಚ್ಚು. 10 ಮೈಕ್ರಾನಿನ ಕಣಕ್ಕೆ ಅದೇ ಎತ್ತರ ಇಳಿಯಲು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಅದು ಎರಡು ಕಿಲೋಮೀಟರ್ ಆಚೆ ಹೋಗಿರುತ್ತದೆ. 4 ಮೈಕ್ರಾನಿನದು ಎರಡು ಗಂಟೆ ತೇಲುತ್ತಲೇ ಇರುತ್ತದೆ. ಇದು ಸುಳಿಗಾಳಿಯನ್ನು ಬಿಟ್ಟು ಹಾಕಿದ ಲೆಕ್ಕ. ಆದರೂ ನಿಮಗೆ ಬೇಕಾದ ವಿಷಯ ಇದರಲ್ಲೇ ಇದೆ. ಎಲೆಯ ಮೇಲೆ ಬೂದಿ ಬಳಿದ ಹಾಗೆ ಕೂರುವ ದಪ್ಪ ಧೂಳು ಮುಕ್ಕಾಲು ಕಿಲೋಮೀಟರ್ ಹಾರಿ ಬರುವುದು ಕಷ್ಟ. ಅದರ ಬಹುಪಾಲು ನಿಮ್ಮ ತೋಟದ ಪಕ್ಕದ ರಸ್ತೆಯದ್ದೇ ಇರಬೇಕು.

ನೀವೇ ನೋಡಿ. ರಸ್ತೆ ಬದಿಯ ಸಾಲಿನಿಂದ ಒಂದು ಎಲೆ, ತೋಟದ ಒಳಗಿನ ಸಾಲಿನಿಂದ ಒಂದು ಎಲೆ ಕಿತ್ತು ಬಿಳಿ ಕಾಗದದ ಮೇಲೆ ಒರೆಸಿ. ರಸ್ತೆ ಬದಿಯದ್ದು ದಪ್ಪಗಿದ್ದು ಒಳಗೆ ಹೋದಂತೆ ತೆಳುವಾದರೆ ಅದು ರಸ್ತೆ ಧೂಳು. ಎರಡೂ ಒಂದೇ ಸಮ ಇದ್ದರೆ ಕ್ರಷರ್ ಕಡೆಯಿಂದ ಬಂದದ್ದು. ಬಣ್ಣವನ್ನೂ ನೋಡಿ. ನಿಮ್ಮ ಕಡೆ ಮಣ್ಣು ಕೆಂಪು, ಕಲ್ಲಿನ ಪುಡಿ ಬೂದು. ಮಣ್ಣು ರಸ್ತೆಯಿಂದ ಬೂದು ಧೂಳೇ ಏಳುತ್ತಿದ್ದರೆ, ಟಿಪ್ಪರ್‌ನಿಂದ ಸೋರಿದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು), ಡಸ್ಟ್ ಎಲ್ಲ ಚಕ್ರಕ್ಕೆ ಸಿಕ್ಕಿ ಅರೆದು ಹಿಟ್ಟಾಗಿದೆ ಅಂತ ಅರ್ಥ.

ಊರಿನವರು ಸಾಮಾನ್ಯವಾಗಿ ಬೈಯುವುದು ಬ್ಲಾಸ್ಟಿಂಗನ್ನು. ಸದ್ದು ಜೋರು, ಮೋಡದ ಹಾಗೆ ಧೂಳೂ ಏಳುತ್ತದೆ, ಕಣ್ಣಿಗೆ ಕಾಣುತ್ತದೆ. ಗೋಡೆ ಬಿರುಕು, ಹಾರಿ ಬೀಳುವ ಕಲ್ಲಿನ ವಿಷಯ ಬೇರೆ, ಅದು ನಿಜವಾದ ಅಪಾಯವೇ. ಆದರೆ ಧೂಳಿನ ಲೆಕ್ಕದಲ್ಲಿ ಬ್ಲಾಸ್ಟಿಂಗ್ ಕೆಲವೇ ನಿಮಿಷದ ಮಾತು. ಟಿಪ್ಪರ್ ರಸ್ತೆ ದಿನವಿಡೀ ಧೂಳು ಎಬ್ಬಿಸುತ್ತದೆ. ನಾನು ನೋಡಿದ ಬಹುತೇಕ ಕ್ವಾರಿಗಳಲ್ಲಿ ಒಟ್ಟು ಧೂಳಿನ ದೊಡ್ಡ ಪಾಲು ರಸ್ತೆಯದು. ಒಳ್ಳೆ ಸುದ್ದಿ ಏನಂದರೆ, ಕಡಿಮೆ ಖರ್ಚಿನಲ್ಲಿ ಸರಿಯಾಗುವುದೂ ಅದೇ.

ರಸ್ತೆಗೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಟ್ಯಾಂಕರ್ ನೀರು ಹೊಡೆದರೆ ಏನಾಗುತ್ತದೆ? ಫೆಬ್ರವರಿ, ಮಾರ್ಚ್ ಬಿಸಿಲಿಗೆ ಒಂದೆರಡು ಗಂಟೆಯಲ್ಲಿ ಒಣಗುತ್ತದೆ. ಉಳಿದ ಹೊತ್ತು ರಸ್ತೆ ಮೊದಲಿನ ಹಾಗೇ. ಅದರ ಮೇಲೆ ನಿಮ್ಮ ಕಡೆ ಬೋರ್‌ವೆಲ್ ಎಷ್ಟು ಆಳಕ್ಕೆ ಹೋಗಿದೆ ಅಂತ ನಿಮಗೇ ಗೊತ್ತು. ಕುಡಿಯುವ ನೀರಿಗೆ ಪರದಾಡುವ ಜಾಗದಲ್ಲಿ ಬೋರ್ ನೀರನ್ನು ರಸ್ತೆಗೆ ಸುರಿಯಿರಿ ಅಂತ ಕೇಳುವುದಕ್ಕೆ ನನಗೇ ಮನಸ್ಸು ಬರಲ್ಲ. ಹಳೇ ಕ್ವಾರಿ ಗುಂಡಿಯಲ್ಲಿ ನಿಂತ ಮಳೆನೀರು ಇದ್ದರೆ ಅದನ್ನು ಬಳಸಲಿ. ಅದಕ್ಕಿಂತ ಮೊದಲು ನೀರೇ ಬೇಡದ ಕೆಲಸಗಳನ್ನು ಕೇಳಿ. ಟಿಪ್ಪರ್ ವೇಗ ಅರ್ಧಕ್ಕೆ ಇಳಿದರೆ ಏಳುವ ಧೂಳೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಲವತ್ತರಲ್ಲಿ ಓಡುವವರನ್ನು ಇಪ್ಪತ್ತಕ್ಕೆ ಇಳಿಸಲು ಬೋರ್ಡ್ ಹಾಕಿದರೆ ಸಾಲದು, ಹಂಪ್ ಬೇಕು. ಡ್ರೈವರ್‌ಗೆ ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಡುವವರೆಗೂ ಬೋರ್ಡನ್ನು ಯಾರೂ ಓದಲ್ಲ. ಲೋಡ್ ಬಾಡಿಯ ಅಂಚಿಗಿಂತ ಕೆಳಗಿರಬೇಕು, ಮೇಲೆ ತಾರ್ಪಾಲ್ ಬಿಗಿದಿರಬೇಕು. ಕ್ವಾರಿ ಗೇಟಿನಿಂದ ಡಾಂಬರು ರಸ್ತೆ ಸೇರುವವರೆಗೆ, ಕಡೇ ಪಕ್ಷ ಮನೆ ಮತ್ತು ತೋಟದ ಪಕ್ಕದ ಭಾಗಕ್ಕಾದರೂ, ಜಲ್ಲಿ ಹಾಸಿ ರೋಲರ್ ಹೊಡೆಸಿ ಡಾಂಬರು ಹಾಕಿಸಬೇಕು. ಜಲ್ಲಿ ಅವರದ್ದೇ ಅಲ್ವಾ?

ಈಗ ಕ್ರಷರ್. ಇಲ್ಲಿ ಎಲ್ಲರ ಕಣ್ಣು ಕಲ್ಲು ಸುರಿಯುವ ಹಾಪರ್ ಮೇಲೆ. ನೀರಿನ ಪೈಪು ಹಾಕುವುದೂ ಅಲ್ಲೇ. ಆದರೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವರ್ಷಗಟ್ಟಲೆ ಅಳೆದು ಕೊಟ್ಟ ಲೆಕ್ಕದ ಪ್ರಕಾರ, ಒಣಕಲ್ಲು ಒಡೆಯುವಾಗ ಏಳುವ ಸಣ್ಣ ಧೂಳಿಗಿಂತ ಅದನ್ನು ಜರಡಿ ಹಿಡಿಯುವಾಗ ಏಳುವುದು ಮೂರು ಪಟ್ಟಿಗೂ ಜಾಸ್ತಿ. ನುಣ್ಣನೆ ಪುಡಿ ಜರಡಿಯಾಗುವ ಜಾಗದಲ್ಲಂತೂ ಇನ್ನೂ ಹೆಚ್ಚು. ಎಂ-ಸ್ಯಾಂಡ್ ಮಾಡುವ ಘಟಕವಾದರೆ ಈ ಮಾತಿಗೆ ತೂಕ ಇನ್ನೂ ಜಾಸ್ತಿ. ಹಾಗಾಗಿ ನೀವು ಕ್ರಷರ್ ನೋಡಲು ಹೋದರೆ ಜರಡಿಗೆ ನಾಲ್ಕೂ ಕಡೆ ತಗಡು ಹೊದಿಸಿದ್ದಾರಾ, ಬೆಲ್ಟ್ ಮೇಲೆ ಮುಚ್ಚಳ ಇದೆಯಾ, ಬೆಲ್ಟ್ ತುದಿಯಿಂದ ಜಲ್ಲಿ ರಾಶಿಗೆ ಎಷ್ಟು ಎತ್ತರದಿಂದ ಬೀಳುತ್ತಿದೆ ಅಂತ ನೋಡಿ. ಬೀಳುವ ಎತ್ತರ ಜಾಸ್ತಿಯಾದಷ್ಟೂ ಧೂಳು ಜಾಸ್ತಿ. ತುದಿಗೆ ಒಂದು ರಬ್ಬರ್ ಕೊಳವೆ ಇಳಿಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ನೀರು ಸಿಂಪಡಿಸುವುದು ಕಣ್ಣೊರೆಸುವ ತಂತ್ರ ಅಂತ ಕೆಲವರು ಹೇಳುತ್ತಾರೆ. ಅದೂ ತಪ್ಪು. ಸರಿಯಾಗಿ ಮಾಡಿದರೆ ನೀರು ಬಹಳ ಕೆಲಸ ಮಾಡುತ್ತದೆ. ಕಲ್ಲಿನ ತೂಕದ ಶೇಕಡಾ ಒಂದೂವರೆಯಷ್ಟು ತೇವ, ಅಂದರೆ ಟನ್ನಿಗೆ ಸುಮಾರು 15 ಲೀಟರ್, ಮೊದಲೇ ಕಲ್ಲಿಗೆ ಹಿಡಿದಿದ್ದರೆ ಕ್ರಷರ್ ಮತ್ತು ಜರಡಿಯ ಧೂಳು ಮುಕ್ಕಾಲು ಪಾಲಿನಷ್ಟು ಕಡಿಮೆಯಾಗುತ್ತದೆ. ಎಡವಟ್ಟು ಆಗುವುದು ನಾಜಲ್‌ನಲ್ಲಿ. ತೋಟಕ್ಕೆ ಹಾಕುವ ಪೈಪಿನಂಥದ್ದನ್ನು ತಂದು ತೂತು ಕೊರೆದು ಬಿಟ್ಟಿರುತ್ತಾರೆ. ಗಾಳಿಯಲ್ಲಿ ತೇಲುವ ಸಣ್ಣ ಧೂಳನ್ನು ದಪ್ಪ ಹನಿ ಹಿಡಿಯಲಾರದು. ಬೀಳುವ ಹನಿ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಆ ಗಾಳಿಯ ಜೊತೆ ಕಣವೂ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಮಂಜಿನಷ್ಟು ಸಣ್ಣ ಹನಿ ಬೇಕು. ಅದಕ್ಕೆ ಒತ್ತಡದ ಪಂಪು, ಸೋಸಿದ ನೀರು, ವಾರಕ್ಕೊಮ್ಮೆ ನಾಜಲ್ ಬಿಚ್ಚಿ ತೊಳೆಯುವ ಒಬ್ಬ ಆಳು ಬೇಕು. ಆ ಆಳು ಇಲ್ಲದಿದ್ದರೆ ಉಳಿದದ್ದೆಲ್ಲ ದಂಡ. ಇನ್ಸ್‌ಪೆಕ್ಷನ್‌ಗೆ ಹೋದಾಗ ನಾನು ಮೊದಲು ನೋಡುವುದು ನಾಜಲ್ ಬಾಯಿ. ಸುಣ್ಣ ಕಟ್ಟಿ ಬಿಳಿಯಾಗಿದ್ದರೆ ರಿಜಿಸ್ಟರ್ ತೆಗೆಸಿ ನೋಡುವ ಅಗತ್ಯವೇ ಬೀಳಲ್ಲ.

ಓನರ್ ಕಡೆಯ ನ್ಯಾಯವನ್ನೂ ಹೇಳಬೇಕು. ನೀರು ಜಾಸ್ತಿಯಾದರೆ ಜರಡಿಯ ಕಣ್ಣು ಮುಚ್ಚಿಕೊಂಡು ಮಾಲು ಇಳಿಯಲ್ಲ. ಆಪರೇಟರ್ ಸಿಟ್ಟಿಗೆದ್ದು ವಾಲ್ವ್ ತಿರುಗಿಸಿಬಿಡುತ್ತಾನೆ. ಅದಕ್ಕೇ ದಪ್ಪ ಕಲ್ಲು ಒಡೆಯುವ ಮೊದಲ ಹಂತಕ್ಕೆ ನೀರು, ನುಣ್ಣಗಾಗುವ ಕಡೆಯ ಹಂತಕ್ಕೆ ಮುಚ್ಚಳ ಹಾಕಿ ಧೂಳು ಹೀರುವ ಬ್ಯಾಗ್ ಫಿಲ್ಟರ್ ಅಂತ ಪಾಲು ಮಾಡಿಕೊಳ್ಳುವುದು ಒಳ್ಳೆಯದು. ಬ್ಯಾಗ್ ಫಿಲ್ಟರ್‌ಗೆ ಖರ್ಚಿದೆ, ಕರೆಂಟೂ ಬೇಕು. ಹಿಡಿದ ಪುಡಿಯನ್ನು ಮತ್ತೆ ಬಯಲಿಗೆ ಸುರಿದರೆ ಎಲ್ಲ ವ್ಯರ್ಥ.

ಬೇಲಿ ಸುತ್ತ ಗಿಡ ಹಾಕಿದ್ದೀವಿ ಅನ್ನುವ ಮಾತೂ ಕೇಳಿರುತ್ತೀರಿ. ಒಂದು ಸಾಲು ನೀಲಗಿರಿ ಏನೂ ತಡೆಯಲ್ಲ. ಕಾಂಡದ ನಡುವೆ ಧೂಳು ನುಗ್ಗಿ ಹೋಗುತ್ತದೆ. ಹೊಂಗೆ, ಬೇವು, ಕೆಳಗೆ ಪೊದೆ, ಹೀಗೆ ಮೂರ್ನಾಲ್ಕು ಸಾಲು ದಟ್ಟವಾಗಿ ಬೆಳೆದರೆ ಪ್ರಯೋಜನ ಇದೆ, ಆದರೆ ವರ್ಷಗಳು ಬೇಕು. ಅಲ್ಲಿಯವರೆಗೆ ತಗಡಿನ ಗಾಳಿಗೋಡೆ.

ಇನ್ನು ಆ ಲ್ಯಾಬ್ ರಿಪೋರ್ಟ್. ಅದು ಸುಳ್ಳೇ ಇರಬೇಕು ಅಂತಿಲ್ಲ. ಕ್ರಷರ್‌ಗೆ ಕೇಂದ್ರದ ನಿಯಮ ಏನಂದರೆ, ಘಟಕದಿಂದ 40 ಮೀಟರ್ ದೂರದಲ್ಲಿ ಅದು ಗಾಳಿಗೆ ಸೇರಿಸುವ ಒಟ್ಟು ತೇಲುಧೂಳು ಒಂದು ಘನ ಮೀಟರಿಗೆ 600 ಮೈಕ್ರೋಗ್ರಾಂಗಿಂತ ಕಡಿಮೆ ಇರಬೇಕು. ತಿಂಗಳಿಗೆ ಎರಡು ಸಲ, ವರ್ಷದ ಹನ್ನೆರಡು ತಿಂಗಳೂ ಅಳೆಯಬೇಕು. ಧೂಳು ತಡೆಯುವ ವ್ಯವಸ್ಥೆ, ಗಾಳಿಗೋಡೆ, ಆವರಣದೊಳಗೆ ಗಟ್ಟಿ ರಸ್ತೆ, ನೆಲ ಗುಡಿಸಿ ನೀರು ಹಾಕುವುದು, ಸುತ್ತ ಹಸಿರು ಪಟ್ಟಿ, ಇವೂ ಅದೇ ನಿಯಮದ ಭಾಗ. ಬರೀ ಅಂಕಿ ತೋರಿಸಿದರೆ ಮುಗಿಯಲ್ಲ. ನಿಮ್ಮ ಮನೆಯಂಗಳಕ್ಕೆ ಅನ್ವಯಿಸುವ ಅಳತೆಯಂತೂ ಬೇರೆಯೇ. 2009ರ ರಾಷ್ಟ್ರೀಯ ಗಾಳಿ ಗುಣಮಟ್ಟದ ಪ್ರಕಾರ 10 ಮೈಕ್ರಾನಿಗಿಂತ ಸಣ್ಣ ಧೂಳು, ಪಿಎಂ 10 ಅನ್ನುವುದು, 24 ಗಂಟೆಯ ಸರಾಸರಿಯಲ್ಲಿ 100 ಮೈಕ್ರೋಗ್ರಾಂ ಮೀರಬಾರದು. ಕ್ರಷರ್ ತನ್ನ ಪರೀಕ್ಷೆ ಪಾಸಾಗಿ, ನಿಮ್ಮ ಊರು ಫೇಲಾಗುವುದು ಖಂಡಿತ ಸಾಧ್ಯ.

ರಿಪೋರ್ಟ್ ಕೈಗೆ ಸಿಕ್ಕಾಗ ಮೊದಲು ತಾರೀಖು ನೋಡಿ. ಆಗಸ್ಟಿನ ಮಳೆಯಲ್ಲಿ ಅಳೆದದ್ದಾದರೆ ಅದರಿಂದ ನಿಮಗೆ ಉಪಯೋಗ ಇಲ್ಲ. ಮಾಪಕ ಗಾಳಿ ಬೀಸುವ ದಿಕ್ಕಿನಲ್ಲಿತ್ತಾ, ಆ ದಿನ ಕ್ರಷರ್ ಎಷ್ಟು ಟನ್ ಒಡೆದಿತ್ತು ಅಂತ ಬರೆದಿದೆಯಾ ನೋಡಿ. ನಿಮ್ಮ ಊರು ಕ್ವಾರಿಯ ಪಡುವಲಿಗಿದೆ. ಮಳೆಗಾಲದಲ್ಲಿ ಗಾಳಿ ಪಡುವಲಿಂದ ಬೀಸುವುದರಿಂದ ಧೂಳು ನಿಮ್ಮಿಂದ ದೂರ ಹೋಗುತ್ತದೆ. ದೀಪಾವಳಿ ಹೊತ್ತಿಗೆ ಗಾಳಿ ತಿರುಗಿ ಮೂಡಲಿಂದ ನಿಮ್ಮ ಕಡೆ ಬೀಸುತ್ತದೆ, ನೆಲವೂ ಒಣಗಿರುತ್ತದೆ. ಜೊತೆಗೆ ಚಳಿಗಾಲದ ಬೆಳಗಿನಲ್ಲಿ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳದೆ ಅಲ್ಲೇ ಕೂತಿರುತ್ತದೆ, ಎದ್ದ ಧೂಳು, ಹೊಗೆ ಎಲ್ಲ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಹಗಲು ಹೊತ್ತು ಬೆಂಗಳೂರಿನೊಳಗೆ ಭಾರಿ ವಾಹನಗಳಿಗೆ ನಿರ್ಬಂಧ ಇರುವುದರಿಂದ ಟಿಪ್ಪರ್‌ಗಳು ಹೊರಡುವುದೂ ಸರಿಯಾಗಿ ಅದೇ ಹೊತ್ತಿಗೆ. ನಿಮ್ಮ ಮಗನಿಗೆ ಚಳಿಗಾಲದಲ್ಲೇ ಕೆಮ್ಮು ಜಾಸ್ತಿಯಾಗುವುದಕ್ಕೆ ಇದಿಷ್ಟೂ ಸೇರಿ ಕಾರಣ ಇರಬಹುದು.

ಮಗನಿಗೆ ಸಿಲಿಕೋಸಿಸ್ ಬಂದೀತಾ ಅನ್ನುವ ಭಯ ಬೇಡ. ಅದು ಕಲ್ಲಿನ ಸಣ್ಣ ಪುಡಿ ಒಳಹೋಗಿ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ, ಮುಖ್ಯವಾಗಿ ಧೂಳಿನ ನಡುವೆ ಕೆಲಸ ಮಾಡುವವರಿಗೆ ಬರುತ್ತದೆ. ಮಕ್ಕಳಿಗೆ ಧೂಳಿನಿಂದ ಆಸ್ತಮಾ ಕೆರಳುತ್ತದೆ, ಮೂಗು ಗಂಟಲು ಉರಿಯುತ್ತದೆ. ಮಕ್ಕಳ ಡಾಕ್ಟರಿಗೆ ತೋರಿಸಿ, ಪಕ್ಕದಲ್ಲಿ ಕ್ವಾರಿ ಇದೆ ಅನ್ನುವುದನ್ನು ಮರೆಯದೆ ಹೇಳಿ. ಬೆಳಗಿನ ಜಾವ ರಸ್ತೆ ಕಡೆಯ ಕಿಟಕಿ ಮುಚ್ಚಿಡಿ. ಮನೆ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೊಗೆಯ ವಿಷಯ. ಡೀಸೆಲ್ ಹೊಗೆಯ ಕಣ ಒಂದು ಮೈಕ್ರಾನಿಗಿಂತಲೂ ಸಣ್ಣದು. ಯಾವ ಟ್ಯಾಂಕರ್ ನೀರೂ ಅದನ್ನು ಹಿಡಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಟಿಪ್ಪರ್‌ಗಳೆಲ್ಲ ಬಿಎಸ್-6, ಅಂದರೆ ಹೊಗೆಗೆ ಬಿಗಿ ಮಿತಿ ಇರುವಂಥವು, ಡೀಸೆಲ್ ಕೂಡ ಮೊದಲಿಗಿಂತ ಚೊಕ್ಕ. ಹಾಗಿದ್ದೂ ಕ್ವಾರಿಯಲ್ಲಿ ಕಪ್ಪು ಹೊಗೆ ಯಾಕೆ? ಒಂದು ಕಾರಣ ಹಳೇ ಗಾಡಿ, ಓವರ್‌ಲೋಡ್. ಇನ್ನೊಂದು ಕಾರಣ ಧೂಳೇ. ಕ್ವಾರಿ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಇಂಜಿನ್‌ಗೆ ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯಲ್ಲ, ಮಸಿಯಾಗಿ ಹೊರಬರುತ್ತದೆ. ಡ್ರೈವರ್ ಫಿಲ್ಟರ್ ಬಿಚ್ಚಿ ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಹಾಕುತ್ತಾನೆ. ಜೋರು ಗಾಳಿಗೆ ಫಿಲ್ಟರ್ ಕಾಗದ ಹರಿದರೆ ಧೂಳು ನೇರ ಇಂಜಿನ್‌ಗೆ ಹೋಗಿ ರಿಂಗ್ ಸವೆಯುತ್ತದೆ, ಆಮೇಲೆ ಆಯಿಲ್ ಹೊಗೆ ಬೇರೆ. ರಸ್ತೆ ಧೂಳು ಇಳಿಸಿದರೆ ಹೊಗೆಯೂ ಇಳಿಯುತ್ತದೆ, ಡೀಸೆಲ್ ಖರ್ಚೂ ಉಳಿಯುತ್ತದೆ. ಓನರ್ ಜೊತೆ ಮಾತಿಗೆ ಕೂತಾಗ ಇದನ್ನೇ ಮೊದಲು ಎತ್ತಿ. ಆರೋಗ್ಯದ ಮಾತಿಗಿಂತ ಡೀಸೆಲ್ ಬಿಲ್ಲಿನ ಮಾತು ಬೇಗ ಕಿವಿಗೆ ಬೀಳುತ್ತದೆ.

ಟಿಪ್ಪರ್‌ಗೆ ಹೊಗೆ ತಪಾಸಣೆ ಸರ್ಟಿಫಿಕೇಟ್ ಇರಲೇಬೇಕು. ಹಿಟಾಚಿ, ಡ್ರಿಲ್‌ಗೆ ಗಾಳಿ ಕೊಡುವ ಹಳೇ ಕಂಪ್ರೆಸರ್ ಇವುಗಳನ್ನು ಯಾರೂ ತಪಾಸಣೆಗೆ ಒಯ್ಯುವುದಿಲ್ಲ, ಎಲ್ಲಕ್ಕಿಂತ ಕೊಳಕು ಹೊಗೆ ಅವುಗಳದ್ದೇ. ಕ್ರಷರ್ ಜನರೇಟರ್ ಮೇಲೆ ನಡೆಯುತ್ತಿದ್ದರೆ ಲೈನ್ ಕರೆಂಟಿಗೆ ಬದಲಾಯಿಸಿಕೊಳ್ಳಿ ಅಂತ ಕೇಳಿ. ತೂಕದ ಸೇತುವೆ ಮುಂದೆ, ಪರ್ಮಿಟ್‌ಗಾಗಿ ಸಾಲು ನಿಂತ ಟಿಪ್ಪರ್‌ಗಳು ಇಂಜಿನ್ ಆಫ್ ಮಾಡಲಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ನನಗೆ ನಿಜವಾಗಿ ಚಿಂತೆ ಹತ್ತಿಸಿದ್ದು ನಿಮ್ಮ ಮೈದುನನ ವಿಷಯ. ನಿಮ್ಮ ಭಾಗದ ಕಲ್ಲು ಗ್ರಾನೈಟ್ ಜಾತಿಯದು, ಅದರಲ್ಲಿ ಸುಮಾರು ಕಾಲು ಭಾಗ ಬೆಣಚುಕಲ್ಲು, ಅಂದರೆ ಸಿಲಿಕಾ. ಒಣ ಕಲ್ಲಿಗೆ ಜಾಕ್ ಹ್ಯಾಮರ್ ಇಟ್ಟು ಕೊರೆಯುವಾಗ ತೂತಿನಿಂದ ಬರುವ ಪುಡಿ ನೇರ ಮುಖಕ್ಕೆ. ಅವರಷ್ಟು ಹತ್ತಿರದಿಂದ ಸಿಲಿಕಾ ಉಸಿರಾಡುವವರು ಇಡೀ ಕ್ವಾರಿಯಲ್ಲಿ ಬೇರೆ ಯಾರೂ ಇಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾಗಿದ್ದು 1934ರಲ್ಲಿ, ಪಕ್ಕದ ಕೋಲಾರದ ಚಿನ್ನದ ಗಣಿಯಿಂದ. ಒಮ್ಮೆ ಶ್ವಾಸಕೋಶ ಗಟ್ಟಿಯಾದರೆ ಮೊದಲಿನಂತೆ ಮಾಡುವ ಔಷಧ ಇಂದಿಗೂ ಇಲ್ಲ. ಬೆಲ್ಲ ಗಂಟಲಿಗೆ ಹಿತ, ಆದರೆ ಅದು ಇಳಿಯುವುದು ಹೊಟ್ಟೆಗೆ. ಮುಖಕ್ಕೆ ಸುತ್ತಿದ ಟವೆಲ್ ದಪ್ಪ ಧೂಳು ತಡೆಯುತ್ತದೆ, ಕಾಯಿಲೆ ತರುವ ಸಣ್ಣದನ್ನು ಬಿಟ್ಟುಕೊಡುತ್ತದೆ. ಕಡೇ ಪಕ್ಷ ಎನ್-95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡ ಇದ್ದರೆ ಕೂರಲ್ಲ. ಮಾಸ್ಕ್‌ಗಿಂತ ಮೇಲಾದದ್ದು ಕೊರೆಯುವಾಗಲೇ ತೂತಿಗೆ ನೀರು ಬಿಡುವ ಡ್ರಿಲ್, ಇಲ್ಲವೇ ಧೂಳು ಹೀರುವ ಸಾಧನ ಇರುವ ಡ್ರಿಲ್. ಇದನ್ನು ಕೊಡುವುದು ಓನರ್ ಜವಾಬ್ದಾರಿ.

ಎಂಟು ವರ್ಷ ಆಗಿದೆ ಅಂದರೆ ಈಗಲೇ ಎದೆಯ ಎಕ್ಸ್-ರೇ, ಉಸಿರಿನ ಪರೀಕ್ಷೆ ಮಾಡಿಸಿ. ಕೆಮ್ಮು ಇಲ್ಲದಿದ್ದರೂ ಮಾಡಿಸಿ. ಡಾಕ್ಟರಿಗೆ ‘ಕಲ್ಲು ಕೊರೆಯುವ ಕೆಲಸ, ಎಂಟು ವರ್ಷ’ ಅಂತ ಹೇಳಿ ಚೀಟಿಯಲ್ಲಿ ಬರೆಸಿ. ಎಕ್ಸ್-ರೇಯಲ್ಲಿ ಸಿಲಿಕೋಸಿಸ್ ಮತ್ತು ಟಿಬಿ ಒಂದೇ ಥರ ಕಂಡು ಬರೀ ಟಿಬಿ ಮಾತ್ರೆ ತಿಂದುಕೊಂಡು ಅದೇ ಕೆಲಸಕ್ಕೆ ವಾಪಸಾದವರನ್ನು ನಾನು ಕಂಡಿದ್ದೇನೆ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಂಭವವೂ ಜಾಸ್ತಿ, ಎರಡೂ ಒಟ್ಟಿಗೆ ಇರಬಹುದು. ಕೆಲಸದಿಂದ ಬಂದ ಕಾಯಿಲೆ ಅಂತ ಸಾಬೀತಾದರೆ ಕಾನೂನಿನಲ್ಲಿ ಪರಿಹಾರ ಇದೆ. ಅದಕ್ಕೆ ಕೆಲಸದ ದಾಖಲೆ ಬೇಕು, ಆದ್ದರಿಂದ ಹಾಜರಿ ಪುಸ್ತಕ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಏನಿದ್ದರೂ ಜೋಪಾನ ಮಾಡಿ.

ಯಾರನ್ನು ಕೇಳಬೇಕು? ಮೈದುನನ ಕೆಲಸ ಅಲ್ಲಿರುವಾಗ ನಿಮ್ಮ ಒಬ್ಬರ ಹೆಸರಲ್ಲಿ ಅರ್ಜಿ ಹೋಗುವುದು ಬೇಡ. ಗ್ರಾಮಸಭೆಯಲ್ಲಿ ವಿಷಯ ಇಟ್ಟು ನಿರ್ಣಯ ಮಾಡಿಸಿ. ಮೊದಲು ಆ ನಿರ್ಣಯ ಹಿಡಿದು ಓನರ್ ಜೊತೆ ಮಾತು. ಇದರಲ್ಲಿರುವ ತೊಂದರೆ ಗೊತ್ತಿರುವುದೇ, ಒಂದು ತಿಂಗಳು ನಡೆದು ನಿಂತುಹೋಗುತ್ತದೆ. ಹಾಗಾಗಿ ಒಪ್ಪಿದ್ದನ್ನು ತಾರೀಖಿನ ಸಮೇತ ಬರೆಸಿಕೊಳ್ಳಿ.

ನಡೆಯದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ಜೊತೆಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಕ್ರಷರ್ ಲೈಸೆನ್ಸ್ ಕೊಡುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಅವರಿಗೂ ಒಂದು ಪ್ರತಿ ಕೊಡಿ. ಅದಕ್ಕೆ ಮೊದಲು ಮಾಹಿತಿ ಹಕ್ಕಿನಲ್ಲಿ ಆ ಘಟಕದ ಕಾರ್ಯಾಚರಣೆ ಸಮ್ಮತಿ ಪತ್ರ ಮತ್ತು ಕ್ವಾರಿಯ ಪರಿಸರ ಅನುಮತಿ ಪತ್ರ ತೆಗೆಸಿ. 2012ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸಣ್ಣ ಕ್ವಾರಿಗೂ ಪರಿಸರ ಅನುಮತಿ ಬೇಕು. ಅದರಲ್ಲಿ ರಸ್ತೆ, ನೀರು, ತಾರ್ಪಾಲ್, ಕಾರ್ಮಿಕರ ಆರೋಗ್ಯ ತಪಾಸಣೆ ಇಂಥ ಷರತ್ತುಗಳು ಸಾಮಾನ್ಯವಾಗಿ ಇರುತ್ತವೆ. ಪಾಲಿಸಿದ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು, ಆ ವರದಿಯನ್ನೂ ಕೇಳಿ. ‘ಧೂಳು ತಡೆಯಲಾಗುತ್ತಿಲ್ಲ’ ಅನ್ನುವ ಅರ್ಜಿಗಿಂತ ‘ಇಂತಿಷ್ಟನೇ ಷರತ್ತು ಪಾಲಿಸಿಲ್ಲ’ ಅನ್ನುವ ಅರ್ಜಿಗೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ. ಇಲ್ಲೂ ಅಪಾಯ ಇದೆ. ಮಂಡಳಿ ಒಮ್ಮೆಲೇ ಮುಚ್ಚುವ ಆದೇಶ ಕೊಟ್ಟರೆ ಕೆಲಸಗಾರರ ಕೂಲಿ ನಿಲ್ಲುತ್ತದೆ, ಊರು ಎರಡಾಗುತ್ತದೆ. ಆದ್ದರಿಂದ ಅರ್ಜಿಯಲ್ಲೇ ‘ಷರತ್ತು ಪಾಲಿಸುವಂತೆ ಗಡುವು ಕೊಡಿ’ ಅಂತ ಬರೆಯಿರಿ.

ಕಡೆಯ ದಾರಿ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ವ್ಯಾಜ್ಯಕ್ಕೆ ಕಾರಣ ಮೊದಲು ಹುಟ್ಟಿದ ಆರು ತಿಂಗಳೊಳಗೆ ಹೋಗಬೇಕು, ಪರಿಹಾರ ಕೇಳುವುದಾದರೆ ಐದು ವರ್ಷದವರೆಗೆ ಅವಕಾಶ ಇದೆ. ವಕೀಲರ ಹತ್ತಿರ ಲೆಕ್ಕ ಹಾಕಿಸಿ ಮುಂದುವರಿಯಿರಿ. ಸಮಯ ಹಿಡಿಯುತ್ತದೆ, ಓಡಾಟ ಇದೆ.

ಯಾವ ದಾರಿ ಹಿಡಿದರೂ ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ಗಾಳಿ ಯಾವ ಕಡೆಯಿಂದ, ಧೂಳು ಎದ್ದದ್ದು ಎಲ್ಲಿಂದ, ತಾರ್ಪಾಲ್ ಇಲ್ಲದ ಟಿಪ್ಪರ್ ಎಷ್ಟು. ಮೊಬೈಲ್ ಫೋಟೋದಲ್ಲಿ ತಾರೀಖು ಬೀಳುವ ಹಾಗೆ ಮಾಡಿಕೊಳ್ಳಿ.

ಸೊಪ್ಪಿಗೆ ಸದ್ಯಕ್ಕೆ ಹೀಗೆ ಮಾಡಬಹುದು. ಚಾಕಿ ಹುಳಕ್ಕೆ ರಸ್ತೆಯಿಂದ ದೂರದ ಸಾಲಿನ ಎಲೆಯನ್ನೇ ಕೊಡಿ, ಎಳೆ ಹುಳ ಧೂಳು ತಡೆದುಕೊಳ್ಳಲ್ಲ. ರಸ್ತೆ ಬದಿಯ ಎರಡು ಮೂರು ಸಾಲನ್ನು ಕಟಾವು ಮಾಡದೆ ಎತ್ತರ ಬೆಳೆಯಲು ಬಿಟ್ಟರೆ ಉಳಿದ ತೋಟಕ್ಕೆ ಅದೇ ಪರದೆಯಾಗುತ್ತದೆ. ನೀರಿನ ಅನುಕೂಲ ಇದ್ದರೆ ಕೊಯ್ಯುವ ಹಿಂದಿನ ಸಂಜೆ ಗಿಡದ ಮೇಲೆಯೇ ನೀರು ಸಿಂಪಡಿಸಿ. ಕೊಯ್ದ ಮೇಲೆ ತೊಳೆದ ಒದ್ದೆ ಸೊಪ್ಪನ್ನು ಹಾಗೇ ತಟ್ಟೆಗೆ ಹಾಕಬೇಡಿ, ಹುಳದ ಹಾಸಿಗೆ ತೇವವಾದರೆ ಧೂಳಿಗಿಂತ ದೊಡ್ಡ ರೋಗ ಬರುತ್ತದೆ.